ಬೆಂಕಿಯಿಂದ ತೆಗೆದ ಹೆಸರು

ಪ್ಲಮ್ ಹಣ್ಣುಗಳು ಹಳದಿಗೆ ತಿರುಗುವ ಹೊತ್ತಿಗೆ ಮೊದಲಾಗಿ, ನಾಮಿಗೋ ಊರಿನ ಹಲಗೆಯ ಸೂರುಗಳ ಮೇಲೆ, ಆ ಸೂರುಗಳು ಗಾಳಿಗೆ ಹಾರದಿರಲೆಂದು ಹೇರಿದ ಕಡಲಗುಂಡುಗಳ ಮೇಲೆ, ಮರಳಿನಲ್ಲಿ ಮಗುಚಿ ಮಲಗಿದ ದೋಣಿಗಳ ಬೆನ್ನಿನ ಮೇಲೆ ಏಕಶ್ರುತಿಯಲ್ಲಿ ಸುರಿದಿದ್ದ ಮಳೆಯು ಒಂದು ಮುಂಜಾನೆ ಹೇಳದೆ ಕೇಳದೆ ನಿಂತುಬಿಟ್ಟಿತು. ಗುಡ್ಡದ ಪೈನ್ ಮರಗಳ ಸೂಜಿಯೆಲೆಗಳ ತುದಿಯಲ್ಲಿ ಕೊನೆಯ ಹನಿಗಳು ಕ್ಷಣಕಾಲ ತೂಗಿ, ಬಿಸಿಲಿನ ಮೊದಲ ಕಿರಣ ತಗುಲಿದೊಡನೆ ಹೊಳೆದು, ಹೊಳೆಯುತ್ತಲೇ ಕಣ್ಮರೆಯಾದವು! ನಿನ್ನೆಯವರೆಗೆ ಬೂದಿಯ ಮುದ್ದೆಯಂತಿದ್ದ ಕಡಲು ಇಂದು ಸಾಣೆ ಹಿಡಿದ ಖಡ್ಗದಂತೆ ಝಳಪಿಸಿತು. ಬಲೆ ಒಣಗಿಸುವ ಗಳುಗಳಿಂದ ಹಬೆಯೆದ್ದಿತು. ಬಿದಿರುಮೆಳೆಯ ಒಳಗಿಂದ ಜೀರುಂಡೆಗಳು ಸಹಸ್ರಕಂಠದಿಂದ ಗ್ರೀಷ್ಮವನ್ನು ಕೂಗಿ ಕರೆದವು... ಎಂಥ ಪ್ರಭಾತ! ಎಂಥ ಪ್ರಸನ್ನತೆ! ಆದರೆ ಸಹೃದಯ ವಾಚಕರೇ, ಆ ಪ್ರಸನ್ನತೆಯನ್ನು ಕಂಡೇ ಹಲ್ಲು ಕಡಿದವನೊಬ್ಬ ಆ ಊರಿನಲ್ಲಿದ್ದ.

ಅವನು ಹ್ಯೂ ಕಾಲ್ಡರ್. ಸ್ಕಾಟ್ಲೆಂಡಿನ ಕಡಲಕರೆಯವನು, ಜಪಾನಿನ ಮೇಜಿ ಯುಗದ ಉತ್ತರಾರ್ಧದ ಆ ವರ್ಷಗಳಲ್ಲಿ, ಹಿಂದಿನ ಶರತ್ಕಾಲದ ಮೇಪಲ್ ಎಲೆಗಳು ಕೆಂಪಾಗುತ್ತಿದ್ದಾಗ, ಕ್ರಿಸ್ತನ ವಾಣಿಯನ್ನು ಸಾರಲೆಂದು ನಾಮಿಗೋಕ್ಕೆ ಬಂದಿಳಿದ ಯುವಕ ಪಾದ್ರಿ. ಸುಂಟರಗಾಳಿಯನ್ನಾದರೂ ಎದುರಿಸಬಲ್ಲೆನೆಂಬ ಹುಮ್ಮಸ್ಸಿನಿಂದ ಹೊರಟಿದ್ದ ಅವನಿಗೆ ಇಲ್ಲಿ ದೊರೆತದ್ದು ಮಂದಹಾಸ! ಬರಿಯ ಮಂದಹಾಸ!

ಅವನು ಇಳಿದುಕೊಂಡದ್ದು ಮಾತ್ಸು ಎಂಬ ವೃದ್ಧ ವಿಧವೆಯ ಮನೆಯಲ್ಲಿ. ಬಂದ ಮೊದಲ ಸಂಜೆಯೇ, ಅತಿಥಿಗೆ ಅಗ್ರಸ್ನಾನವೆಂದು, ಮರದ ತೊಟ್ಟಿಯ ಬಿಸಿನೀರನ್ನು ಅವನಿಗೆ ಮೊದಲು ಬಿಟ್ಟುಕೊಟ್ಟಿದ್ದರು. ಅವನು ತೊಟ್ಟಿಯೊಳಗೇ ಕುಳಿತು ಮೈಗೆ ಸಾಬೂನು ಉಜ್ಜಿಕೊಂಡು ನೊರೆಯೆಬ್ಬಿಸಿ, ಆಮೇಲೆ ಬಿರಡೆ ಕಿತ್ತು ಅಷ್ಟೂ ನೀರನ್ನು ಹೊರಬಿಟ್ಟು ಬಂದ. ಮನೆಮಂದಿ, ನೆರೆಯವರು ಎಲ್ಲರೂ ಅವನ ಬಳಿಕ ಸರದಿಯಂತೆ ಇಳಿಯಬೇಕಿದ್ದ ನೀರು ಅದು! ಮಾತ್ಸು ನಡು ಬಗ್ಗಿಸಿ, "ನೀರು ಸಾಕಷ್ಟು ಬಿಸಿ ಇತ್ತಾ, ಸೆನ್ಸೇ?" ಎಂದು, ಗುರುಗಳನ್ನು ಕರೆಯುವ ಗೌರವದ ಮಾತಿನಲ್ಲಿ ಕೇಳಿದಳು. ಬಳಿಕ ಬಾವಿಯಿಂದ ತಾನೇ ನೀರು ಸೇದಿ ತಂದು, ಮತ್ತೆ ಒಲೆ ಹೂಡಿದಳು. ಈ ಸಂಗತಿ ಅವನಿಗೆ ತಿಳಿದದ್ದು ಚಳಿಗಾಲ ಬಂದ ಮೇಲೆ, ಮೀನು ಮಾರುವ ಗೆಂಪಾಚಿಯ ಬಾಯಿಂದ. ಅಂದು ಅವನ ಮುಖ ನಾಚಿಕೆಯಿಂದ ಕೆಂಪಾಯಿತು. ಆದರೆ ಆ ನಾಚಿಕೆ ಮರುಕ್ಷಣವೇ ಸಿಟ್ಟಾಯಿತು. ಏಕೆ ಹೇಳಲಿಲ್ಲ? ಅಂದೇ, ಅಲ್ಲೇ, ಎರಡು ಮಾತು ಬೈದಿದ್ದರೆ ಏನಾಗುತ್ತಿತ್ತು?

ಊರಿನವರ ನಾಲಗೆಗೆ ಕಾಲ್ಡರ್ ಎಂಬ ಹೆಸರು ಹೊರಳದೆ 'ಕರುತಾ' ಆಯಿತು. ಕರುತಾ ಎಂದರೆ ಹೊಸವರ್ಷದ ದಿನ ಮನೆಮನೆಯಲ್ಲಿ ಆಡುವ ಎಲೆಯಾಟ. ಇಸ್ಪೀಟನ್ನು ಪಾಪವೆಂದು ಬೋಧಿಸಲು ಬಂದವನು ಹೀಗೆ ಊರಿಗೆಲ್ಲ ಎಲೆಯಾಟದ ಮೇಷ್ಟ್ರಾದ! ಪ್ರತಿ ಭಾನುವಾರ ಮಾತ್ಸುವಿನ ಮುಂಗೋಣೆಯಲ್ಲಿ ಅವನ ಉಪದೇಶ. ಜನ ಬರುತ್ತಿದ್ದರು, ಮೊಣಕಾಲೂರಿ ಕುಳಿತು ಹೌದು ಹೌದೆನ್ನಲು "ಹಾಯ್, ಹಾಯ್" ಎಂದು ತಲೆಯಾಡಿಸುತ್ತಿದ್ದರು, ಚಹಾ ಕುಡಿದು ವಂದಿಸಿ, ಹೋಗುವ ದಾರಿಯಲ್ಲಿ ನರಿದೇವರ ಗುಡಿಗೆ ಚಪ್ಪಾಳೆ ತಟ್ಟಿ ನಮಸ್ಕರಿಸಿ ಮನೆ ಸೇರುತ್ತಿದ್ದರು. ಒಮ್ಮೆ ಅವನು ಕೈಯೆತ್ತಿ, ತನ್ನ ಹರಕುಮುರುಕು ಮಾತಿನಲ್ಲಿ, "ನಿಮ್ಮೆಲ್ಲರ ತಲೆಯ ಮೇಲೆ ಒಬ್ಬನೇ ಕಮಿ ಇದ್ದಾನೆ!" ಎಂದು ಗುಡುಗಿದ. ಆ ದೇಶದ ಮಾತಿನಲ್ಲಿ ಕಮಿ ಎಂದರೆ ದೇವರೂ ಹೌದು, ತಲೆಗೂದಲೂ ಹೌದು.

ಗೆಂಪಾಚಿ ತನ್ನ ನುಣ್ಣನೆಯ ಬೋಳುತಲೆಯನ್ನು ಸವರಿಕೊಂಡ. "ಒಂದೇ ಒಂದು ಉಳಿದಿತ್ತು ಸೆನ್ಸೇ. ಹೋದ ವರ್ಷ ಅದೂ ಉದುರೋಯ್ತು."

ಕೋಣೆ ನಗೆಯಲ್ಲಿ ತೇಲಿತು. ಕಾಲ್ಡರನ ಮುಷ್ಟಿ ಬಿಗಿಯಿತು. ಅಷ್ಟರಲ್ಲಿ, ಹಿಂದಿನ ಬಾಗಿಲ ಬಳಿ ಹರಿದ ಬಲೆಯನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತಿದ್ದವಳೊಬ್ಬಳು ತಲೆಯೆತ್ತಿ ಕೇಳಿದಳು, "ಆ ಒಬ್ಬನೇ ದೇವರು ಕಡಲ ತಳದಲ್ಲಿ ಇರೋರನ್ನೂ ನೋಡ್ತಾನಾ?"

ನಗೆ ನಿಂತಿತು. ಕಾಲ್ಡರ್ ಅವಳತ್ತ ತಿರುಗಿದ... ತಿರುಗಿದವನು ಉತ್ತರವನ್ನು ಮರೆತ!

ಅವಳು ನುಯಿ, ಮಾತ್ಸುವಿನ ಸೊಸೆ; ಒಂದೇ ಸೂರಿನಡಿಯಿದ್ದೂ ಅವನು ಅದುವರೆಗೆ ಅವಳನ್ನು ಕಣ್ಣಿಟ್ಟು ನೋಡಿರಲಿಲ್ಲ. ಗಂಡ ಸೇಕಿಚಿ ಹಿಮಗಾಳಿಯ ಒಂದು ಬೆಳಗ್ಗೆ ಕಾಡ್ ಮೀನಿಗೆಂದು ದೋಣಿಯಿಳಿಸಿ ಹೋದವನು ಮರಳಿರಲಿಲ್ಲ. ಅಂದಿನಿಂದ ಅತ್ತೆ ಸೊಸೆ ಇಬ್ಬರೇ. ಆ ಪ್ರಶ್ನೆಯ ಮರುದಿನದಿಂದ ನುಯಿ ಕಾಲ್ಡರನಿಗೆ ತಮ್ಮ ಭಾಷೆಯನ್ನು ಕಲಿಸಲು ಒಪ್ಪಿದಳು. ಅವನು ಅವಳಿಗೆ ಕ್ರಿಸ್ತನ ಕಥೆಗಳನ್ನು ಹೇಳಿದ. ಬೆಳಗಿನ ಬಿಸಿಲು ಕಾಗದದ ಕದಗಳಿಂದ ಸೋಸಿ ಹಾಲಿನಂತೆ ಚಾಪೆಯ ಮೇಲೆ ಚೆಲ್ಲಿದಾಗ, ಅವಳ ಬೆರಳುಗಳು ಬಲೆಯ ಕಣ್ಣುಗಳನ್ನು ಒಂದೊಂದಾಗಿ ಕಟ್ಟುತ್ತ, ತುಟಿಗಳು ಒಂದೊಂದೇ ಪದವನ್ನು ನಿಧಾನವಾಗಿ ತಿದ್ದಿಕೊಡುತ್ತ... ಆಹಾ! ಆ ಪ್ರಹರಗಳಲ್ಲಿ ಮಾತ್ರ ಆ ಯುವಕನ ಅಂತರಂಗದ ಕುದಿತವು ಶರತ್ಸರೋವರದಂತೆ ತಿಳಿಯಾಗುತ್ತಿತ್ತು. ಬಿರುಗಾಳಿಯನ್ನು ಶಾಂತಗೊಳಿಸಿದ ಕ್ರಿಸ್ತನ ಕಥೆಯನ್ನು ಅವಳು ಮತ್ತೆ ಮತ್ತೆ ಕೇಳಿದಳು. ವಸಂತ ಮುಗಿಯುವ ಹೊತ್ತಿಗೆ, "ನಾನು ನಿಮ್ಮ ದಾರಿಗೆ ಬರ್ತೀನಿ, ಸೆನ್ಸೇ" ಎಂದಳು. ಅಂದು ಅವನು ಕಡಲಕರೆಯುದ್ದಕ್ಕೂ ಮಗುವಿನಂತೆ ಓಡಿದ. ತನ್ನ ಆನಂದವೆಲ್ಲ ಪರಮಾತ್ಮನಿಗಾಗಿಯೇ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ!

ಆದರೆ ಒಳಮನೆಯಲ್ಲಿ ಅಗಲಿದ ಹಿರಿಯರ ಗೂಡು ಇತ್ತು. ಅದರೊಳಗೆ, ಊದುಬತ್ತಿಯ ಹೊಗೆಯ ನಡುವೆ, ಸೇಕಿಚಿಯ ಹೆಸರು ಬರೆದ ಕಪ್ಪು ಅರಗಿನ ನಾಮಫಲಕ. ಪ್ರತಿದಿನ ಮೊದಲ ತುತ್ತು ಅನ್ನ ಅದಕ್ಕೆ. ಗುರುಗಳಿಂದ ಕಲಿತ ಪಾಠ ಕಾಲ್ಡರನಿಗೆ ಕಂಠಸ್ಥವಾಗಿತ್ತು: ವಿಗ್ರಹವನ್ನು ತ್ಯಜಿಸದವರಿಗೆ ಕ್ರೈಸ್ತಮತಕ್ಕೆ ಸೇರಿಸುವ ಜ್ಞಾನಸ್ನಾನವಿಲ್ಲ.

"ಅದನ್ನ ತೆಗೆದುಬಿಡಬೇಕು, ನುಯಿಸಾನ್. ಸುಟ್ಟುಬಿಟ್ಟರೆ ಒಳ್ಳೆಯದು," ಎಂದ, ಹೆಸರಿಗೆ ಮರ್ಯಾದೆಯ 'ಸಾನ್' ಸೇರಿಸಿಯೇ.

ಅವಳು ಬಲೆಯ ಗಂಟನ್ನು ಬಿಗಿದು ಮುಗುಳ್ನಕ್ಕಳು. "ಅದು... ಸ್ವಲ್ಪ ಕಷ್ಟ."

ಸ್ವಲ್ಪ ಕಷ್ಟವೆಂದರೆ ಸ್ವಲ್ಪ ಪ್ರಯತ್ನ ಸಾಕೆಂದು ಅವನು ತಿಳಿದ. ಕೆಲವು ದಿನ ಬಿಟ್ಟು ಮತ್ತೆ ಕೇಳಿದ. ಅದೇ ನಗೆ, ಅದೇ ಮಾತು. ಮಳೆ ಹಿಡಿಯಿತು, ಮಳೆಯ ತುಂಬ ಕೇಳಿದ. ಒಮ್ಮೆ ಅವಳು, "ಯೋಚಿಸ್ತೀನಿ" ಎಂದಾಗ, ಆ ಮಾತಿನೊಂದಿಗೆ ಒಂದು ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡದ್ದು ಆ ನಾಡಿನಲ್ಲಿ ಹುಟ್ಟಿದ ಯಾರಿಗಾದರೂ ಕೇಳಿಸುತ್ತಿತ್ತು. ಅವನಿಗೆ ಕೇಳಿಸಲಿಲ್ಲ. ಅದಕ್ಕಾಗಿಯೇ, ಮಳೆ ನಿಂತ ಆ ಬೆಳಗ್ಗೆ ಊದುಬತ್ತಿಯ ಪರಿಮಳ ಎಂದಿನಂತೆ ಮೂಗಿಗೆ ಬಡಿದಾಗ, ಅವನು ಬಿಸಿಲನ್ನು ಕಂಡು ಹಲ್ಲು ಕಡಿದದ್ದು!

ಬೇಸಗೆ ಬಲಿತು ಓಬೋನ್ ಬಂದಿತು. ಅಗಲಿದವರು ತಮ್ಮ ಮನೆಗಳಿಗೆ ಮರಳುವ ಹಬ್ಬ. ದಾರಿ ತೋರಲೆಂದು ಸಂಜೆ ಬಾಗಿಲ ಮುಂದೆ ಸೆಣಬಿನ ಕಡ್ಡಿಗಳ ಬೆಂಕಿ ಹಚ್ಚುತ್ತಾರೆ. ಬೇಗ ಬರಲೆಂದು ಸೌತೆಕಾಯಿಗೆ ಕಡ್ಡಿಯ ಕಾಲು ಚುಚ್ಚಿ ಕುದುರೆ ಮಾಡಿ ಗೂಡಿನ ಮುಂದಿಡುತ್ತಾರೆ. ಕಾಲ್ಡರ್ ಹಬ್ಬದ ಸದ್ದಿನಿಂದ ದೂರವಿರಲೆಂದು ಬೆಳಗ್ಗೆಯೇ ನೆರೆಯೂರಿಗೆ ಹೋಗಿದ್ದವನು, ಸೂರ್ಯನು ಕಡಲಿಗಿಳಿದು ದಿಗಂತವೆಲ್ಲ ಕರಗಿದ ತಾಮ್ರವಾಗಿದ್ದ ಹೊತ್ತಿನಲ್ಲಿ ಮರಳಿದ. ಅಂಗಳದಲ್ಲಿ ಬೆಂಕಿ ಉರಿಯುತ್ತಿತ್ತು. ಒಳಗಿಂದ ನುಯಿಯ ದನಿ ಕೇಳಿಸಿತು... ಅದು ಅವನು ಎಂದೂ ಕೇಳದ ದನಿ!

"ಏನ್ರೀ, ಈ ವರ್ಷವೂ ತಡ! ಕಾದು ಕಾದು ಅನ್ನ ಆರೋಯ್ತು. ದಾರೀಲಿ ಯಾರ ಜೊತೆ ಹರಟೆ ಹೊಡೀತಾ ನಿಂತಿದ್ರಿ?"

ಫಲಕದ ಮುಂದೆ ಅವಳು ಕೆನ್ನೆಗೆ ಕೈಯಿಟ್ಟು ನಗುತ್ತ ಕುಳಿತಿದ್ದಳು. ಆ ನಗೆ ಮರ್ಯಾದೆಯ ಮಂದಹಾಸವಾಗಿರಲಿಲ್ಲ. ಮೊಗ್ಗು ಬಿರಿದಂತೆ, ಮಂಜು ಕರಗಿದಂತೆ, ತನ್ನವನ ಮುಂದೆ ಮಾತ್ರ ಅರಳುವ ನಗೆ! ಕಾಲ್ಡರನ ಎದೆಯೊಳಗೆ ಏನೋ ಕಡಿದುಬಿತ್ತು. ಅವನು ನೆಟ್ಟಗೆ ಒಳನುಗ್ಗಿ, ಆ ಫಲಕವನ್ನು ಗೂಡಿನಿಂದ ಕಿತ್ತು, ಅಂಗಳಕ್ಕೆ ದಾಟಿ, ಬೆಂಕಿಗೆ ಎಸೆದ!

ಅವಳು ಓಡಿಬಂದಳು. ಉರಿಯೊಳಗೆ ಕೈಯಿಟ್ಟಳು. ಅಂಚು ಕರಿಕಾದ ಫಲಕವನ್ನು ಎತ್ತಿ, ಎದೆಗವಚಿ, ಹೊಗೆಯಾಡುತ್ತಿದ್ದ ತೋಳಿನೊಡನೆ ಅವನ ಮುಂದೆ ನಿಂತಳು.

"ಯಾರು ನೀನು?"

ನೀನು! ಆ ನಾಡಿಗೆ ಬಂದಂದಿನಿಂದ ಒಬ್ಬರೂ ಅವನನ್ನು ಹಾಗೆ ಕರೆದಿರಲಿಲ್ಲ.

"ಹೇಳು, ಯಾರು ನೀನು? ನನ್ನ ಗಂಡನ್ನ ಒಂದು ಸಲ ಕಡಲು ತಿಂತು. ಇನ್ನೊಂದು ಸಲ ಬೆಂಕಿಗೆ ಹಾಕೋಕೆ ನೀನ್ಯಾರು?"

"ನುಯಿಸಾನ್, ಅದು ಬರೀ ಮರ..."

"ಮರ ಅಂತ ನನಗೆ ಗೊತ್ತಿಲ್ವಾ? ನಾನೇನು ಹುಚ್ಚೀನಾ? ಬಡಗಿ ಮನೆಗೆ ಹೋಗಿ ಇದನ್ನ ಹೊತ್ಕೊಂಡು ಬಂದೋಳು ನಾನೇ! ಅವರ ಮೈ ಸಿಗ್ಲಿಲ್ಲ, ಒಂದು ಬೆರಳೂ ಸಿಗ್ಲಿಲ್ಲ. ಊರವರೆಲ್ಲ ಮೂಳೆ ಹೂಳ್ತಾರೆ, ನಾವು ಅವರ ಹುಲ್ಲಿನ ಚಪ್ಪಲಿ ಹೂತ್ವಿ. ಹೆಸರೊಂದು ಉಳಿದಿತ್ತು. ಅದಕ್ಕೆ ಕೂತ್ಕೊಳ್ಳೋಕೆ ಒಂದು ಜಾಗ ಬೇಕಿತ್ತು. ಇದು ಅಷ್ಟೇ! ಇದನ್ನ ದೇವರು ಅಂತ ನಾನು ಯಾವತ್ತು ಅಂದೆ?"

"ಆಗೋದಿಲ್ಲ ಅಂತ ಹೇಳಬೇಕಿತ್ತು!" ಕಾಲ್ಡರನೂ ಕೂಗಿದ, ಕೂಡಿಟ್ಟ ರೋಷವೆಲ್ಲ ಕಟ್ಟೆಯೊಡೆಯಿತು. "ಎಷ್ಟು ಸಲ ಕೇಳಿದೆ! ಸ್ವಲ್ಪ ಕಷ್ಟ, ಸ್ವಲ್ಪ ಕಷ್ಟ! ಈ ಊರಲ್ಲಿ ಒಬ್ಬರಾದರೂ ಇಲ್ಲ ಅಂತಾರಾ? ಒಬ್ಬರಾದರೂ ನನ್ನನ್ನ ಬೈತಾರಾ? ನಗ್ತೀರಿ, ಬಗ್ಗುತ್ತೀರಿ, ಚಹಾ ಕೊಡ್ತೀರಿ..."

"ಇಲ್ಲ!" ಅವಳ ದನಿಗೆ ಬೀದಿಯ ಬಾಗಿಲುಗಳು ತೆರೆದವು. "ಇಲ್ಲ! ಇಲ್ಲ! ಕೇಳಿಸ್ತಾ? ತೃಪ್ತಿಯಾಯ್ತಾ? ನೀನು ಬಂದ ದಿನದಿಂದ ಈ ಊರು ನಿನ್ನನ್ನ ಹೆಗಲ ಮೇಲೆ ಹೊತ್ಕೊಂಡು ತಿರುಗ್ತಾ ಇದೆ, ನಿನ್ನ ಕಾಲು ಕೆಸರಿಗೆ ತಾಗದ ಹಾಗೆ. ಇವರಿಗೆ ಕೋಪವೇ ಬರೋದಿಲ್ಲ ಅಂದ್ಕೊಂಡೆ. ಬರುತ್ತೆ ಕಣೋ! ನುಂಗ್ತೀವಿ. ನುಂಗೋಕೆ ಎಷ್ಟು ಶಕ್ತಿ ಬೇಕು ಗೊತ್ತಾ ನಿನಗೆ? ನನ್ನ ಗಂಡ ಮುಳುಗಿದ ಕಡಲಲ್ಲೇ ಹಿಡಿದ ಮೀನನ್ನ ಬೇಯಿಸಿ ನಿನಗೆ ಬಡಿಸ್ತಿದ್ದೀನಿ ನಾನು! ಬಿರುಗಾಳಿಗೆ ನಿಲ್ಲು ಅಂದ ದೇವರ ಕಥೆ ಹೇಳಿದೆಯಲ್ಲ... ಆ ದೇವರು ಇದನ್ನ ಸುಡು ಅಂದಿರೋದಿಲ್ಲ. ಅದು ನೀನು. ನೀನೇ!"

ಮಾತ್ಸು ಅಷ್ಟರಲ್ಲಿ ಬಂದು ಸೊಸೆಯ ಮೊಣಕೈ ಹಿಡಿದಿದ್ದಳು. ಕಾಲ್ಡರನತ್ತ ನೋಡದೆ ಅವಳನ್ನು ಒಳಗೆ ಕರೆದೊಯ್ದಳು. ಗೂಡಿನ ಮುಂದಿದ್ದ ಸೌತೆಕಾಯಿಯ ಕುದುರೆಯನ್ನೆತ್ತಿ, ಕಡ್ಡಿಯ ಕಾಲುಗಳನ್ನು ಕಿತ್ತು, ನಡುವಿಗೆ ಮುರಿದು, ಸುಟ್ಟ ಅಂಗೈಗೆ ಒತ್ತಿದಳು.

"ಅತ್ತೆ, ಅದು ಅವರ ಕುದುರೆ..."

"ಅವನು ಬಂದಾಯ್ತಲ್ಲ. ಇನ್ನು ಕುದುರೆ ಯಾಕೆ? ಕೈ ಅಲುಗಿಸಬೇಡ," ಎಂದಳು ಆ ವೃದ್ಧೆ.

ಕಾಲ್ಡರ್ ತನ್ನ ಕೋಣೆಯ ಕತ್ತಲೆಯಲ್ಲಿ ಕುಳಿತ. ಮೊದಮೊದಲು ಸಿಟ್ಟು ಎಲ್ಲರ ಮೇಲೂ ಹರಿಯಿತು. ಆಮೇಲೆ, ದಡಕ್ಕೆ ಅಪ್ಪಳಿಸಿದ ಅಲೆ ಹಿಂದಕ್ಕೆ ಎಳೆಯುವಂತೆ, ತನ್ನತ್ತಲೇ ತಿರುಗಿತು. ಅದು ನೀನು, ನೀನೇ! ಹೌದು... ಆ ಕ್ಷಣದಲ್ಲಿ ಅವನ ಮನಸ್ಸಿನಲ್ಲಿ ದೇವರಿರಲಿಲ್ಲ, ಧರ್ಮವಿರಲಿಲ್ಲ, ವಿಗ್ರಹವೆಂಬ ಶಬ್ದವೂ ಇರಲಿಲ್ಲ. ಇದ್ದದ್ದು 'ಏನ್ರೀ' ಎಂಬ ಆ ಕರೆ. ತನಗಲ್ಲದ ಆ ಕರೆ! ಕಡಲ ತಳದಲ್ಲಿ ಮಲಗಿದವನೊಬ್ಬನ ಮೇಲೆ ಅವನು ಮತ್ಸರಪಟ್ಟಿದ್ದ. ಆ ಮತ್ಸರಕ್ಕೆ ಪರಮೇಶ್ವರನ ಅಂಗಿಯನ್ನು ತೊಡಿಸಿದ್ದ. ಇಷ್ಟು ಹೊಲಸಾದ ಸುಳ್ಳನ್ನು ತನ್ನ ಜೀವಮಾನದಲ್ಲಿ ತಾನು ಹಿಂದೆಂದೂ ನಂಬಿರಲಿಲ್ಲವೆಂದು ಅವನು ತನ್ನ ತಲೆಯನ್ನು ಕಂಬಕ್ಕೆ ಚಚ್ಚಿಕೊಂಡ.

ಕದ ಸರಿಯಿತು. ಮಾತ್ಸು ಊಟದ ತಟ್ಟೆಯನ್ನು ಅವನ ಮುಂದಿಟ್ಟಳು. ಈ ಸಲ ಮುಗುಳ್ನಗೆಯಿರಲಿಲ್ಲ.

"ತಿನ್ನು. ಕ್ಷಮಿಸಿಬಿಟ್ಟೆ ಅಂದ್ಕೋಬೇಡ. ಹಬ್ಬದ ದಿನ ಮನೇಲಿರೋರು ಉಪವಾಸ ಮಲಗಬಾರದು, ಅದಕ್ಕೆ."

ಹಬ್ಬದ ಉಳಿದ ದಿನಗಳು ಕಳೆದವು. ಬೀದಿಯಲ್ಲಿ ಯಾರೂ ಅವನಿಗೆ ಕಲ್ಲೆಸೆಯಲಿಲ್ಲ. ಯಾರೂ ತಲೆಬಾಗಲೂ ಇಲ್ಲ. ಗೆಂಪಾಚಿ ಮಾತ್ರ ಮೀನಿನ ಬುಟ್ಟಿಯನ್ನು ಇಳಿಸಿ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಆವತ್ತು ಸೇಕಿಚಿ ದೋಣೀಲಿ ನಾನೂ ಇದ್ದೆ. ದೋಣಿ ಒಡೆದು ಹಲಗೆ ಒಂದೇ ಉಳಿದಿತ್ತು. ಅದನ್ನ ಅವನು ನನ್ನ ಕಡೆ ತಳ್ಳಿದ. ಅವನ ಹೆಸರನ್ನ ನೀನು ಬೆಂಕಿಗೆ ಹಾಕಿದೆ." ಅಷ್ಟು ಹೇಳಿ, ಕಾಲ್ಡರನ ಮುಂದೆ ನೆಲಕ್ಕೆ ಉಗುಳಿ, ಬುಟ್ಟಿಯನ್ನು ಹೊತ್ತು ನಡೆದ.

ಕೊನೆಯ ಸಂಜೆ, ಬಂದವರನ್ನು ಬೀಳ್ಕೊಡುವ ಹೊತ್ತು. ಊರೆಲ್ಲ ಕಡಲಕರೆಯಲ್ಲಿ ನೆರೆದಿತ್ತು. ಹುಲ್ಲಿನ ಪುಟ್ಟ ದೋಣಿಗಳಲ್ಲಿ ದೀಪವಿಟ್ಟು ತೇಲಿಬಿಡಲು ಒಬ್ಬೊಬ್ಬರೇ ನೀರಿಗಿಳಿಯುತ್ತಿದ್ದರು. ಪಡುವಣದಲ್ಲಿ ಸಂಧ್ಯೆಯ ಕೊನೆಯ ಕುಂಕುಮ. ಅದರ ಕೆಳಗೆ ಅಲೆಯಲೆಯ ಮೇಲೂ ನಡುಗುವ ಹೊನ್ನಿನ ಹನಿಗಳು... ನುಯಿ ಬಟ್ಟೆ ಸುತ್ತಿದ ಕೈಯಲ್ಲಿ ಫಲಕವನ್ನು ಹಿಡಿದು, ಹುಲ್ಲಿನ ದೋಣಿಯನ್ನು ಕಾಲ ಬಳಿಯಿಟ್ಟು ನಿಂತಿದ್ದಳು. ಕಾಲ್ಡರ್ ಗುಂಪನ್ನು ಸೀಳಿ ಬಂದ. ಗೊಣಗಾಟವೆದ್ದಿತು, ಯಾರೋ ಅವನ ತೋಳು ಹಿಡಿದೆಳೆದರು. ಅವನು ಅವಳ ಮುಂದೆ ಒದ್ದೆ ಮರಳಿನಲ್ಲಿ ಮಂಡಿಯೂರಿ, ಹಣೆಯನ್ನು ನೆಲಕ್ಕಿಟ್ಟ. ಆದರೆ ಮಾತನಾಡಿದ್ದು ಅವಳೊಂದಿಗಲ್ಲ.

"ಸೇಕಿಚಿಸಾನ್," ಎಂದ. ಭಾಷೆ ತೊದಲಿತು, ವ್ಯಾಕರಣ ಚೂರುಚೂರಾಯಿತು. "ನಾನು ದೇವರ ಹೆಸರು ಹೇಳಿದೆ. ಸುಳ್ಳು. ದೇವರಿಗೆ ನಿಮ್ಮ ಮೇಲೆ ಸಿಟ್ಟಿರಲಿಲ್ಲ. ನನಗಿತ್ತು. ಇವರು ನಿಮ್ಮ ಜೊತೆ ನಗ್ತಾರೆ... ನನ್ನ ಜೊತೆ ಹಾಗೆ ನಗೋದಿಲ್ಲ. ಅದಕ್ಕೆ ಸುಟ್ಟೆ. ನಿಮ್ಮ ಮನೇಲಿ ನಿಮ್ಮ ಅನ್ನ ತಿಂದು, ನಿಮ್ಮನ್ನ ಸುಟ್ಟೆ. ತಪ್ಪಾಯ್ತು."

ಪ್ರೇಮನಿವೇದನೆಯೊಂದು ಆ ತೀರದಲ್ಲಿ ಇಷ್ಟು ಬಹಿರಂಗವಾಗಿ, ಇಷ್ಟು ಅವಮಾನದೊಡನೆ, ಅದೂ ಗತಿಸಿದ ಗಂಡನ ಮುಂದೆ, ಎಂದೂ ನಡೆದಿರಲಿಲ್ಲ! ನುಯಿಯ ಮುಖ ಬಿಳಿಚಿ, ಕೆಂಪಾಗಿ, ಮತ್ತೆ ಬಿಳಿಚಿತು.

"ನನ್ನ ಸಿಟ್ಟು ಹೋಗಿಲ್ಲ," ಎಂದಳು ಕೊನೆಗೆ.

"ಹೋಗೋದು ಬೇಡ."

"ಕೈ ಉರೀತಾ ಇದೆ."

"ಗೊತ್ತು."

"ಏನು ಗೊತ್ತು ನಿನಗೆ? ಏನೂ ಗೊತ್ತಿಲ್ಲ! ಕ್ಷಮೆ ಕೇಳೋದಕ್ಕೂ ನಿನಗೆ ಸರಿಯಾಗಿ ಬರೋದಿಲ್ಲ. ನಾನೇ ಕಲಿಸಲಿಲ್ಲ... ಬೋಧನೆ ಮಾಡೋಕೆ ಬಂದೋರಿಗೆ ಆ ಮಾತು ಬೇಕಾಗೋದಿಲ್ಲ ಅಂದ್ಕೊಂಡಿದ್ದೆ." ಅವಳು ಕಣ್ಣೊರೆಸಿಕೊಂಡಳು, ಅದನ್ನೂ ಸಿಟ್ಟಿನಿಂದಲೇ. "ಏಳು ಮೇಲೆ. ಎಲ್ಲರೂ ನೋಡ್ತಿದ್ದಾರೆ. ಈ ದೋಣಿ ಹಿಡ್ಕೋ. ನನಗೆ ಒಂದು ಕೈಲಿ ಬಿಡೋಕಾಗೋದಿಲ್ಲ."

ಅವನು ದೋಣಿಯನ್ನು ಹಿಡಿದ. ಇಬ್ಬರೂ ಸೊಂಟದುದ್ದ ನೀರಿಗಿಳಿದರು. ದೀಪ ಅಲೆಯೊಂದನ್ನು ಹತ್ತಿ, ಇಳಿದು, ದೂರ ಸಾಗಿತು.

ಇಷ್ಟಕ್ಕೆ ಎಲ್ಲವೂ ನೆಟ್ಟಗಾಯಿತೆಂದು ಹೇಳಿದರೆ ನಾನು ಸುಳ್ಳುಗಾರನಾಗುತ್ತೇನೆ. ನುಯಿ ಆ ಶರತ್ಕಾಲವೆಲ್ಲ ಅವನೊಡನೆ ಜಗಳವಾಡಿದಳು. ಪಾಠದ ನಡುವೆ ಹಠಾತ್ತನೆ ಆ ಸಂಜೆ ನೆನಪಾಗಿ ಎದ್ದುಹೋಗುತ್ತಿದ್ದಳು; ಮರುದಿನ ಮರಳಿ ಬಂದು ಬಿಟ್ಟಲ್ಲಿಂದಲೇ ಬೈಯುತ್ತಿದ್ದಳು. ಜ್ಞಾನಸ್ನಾನದ ಮಾತನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಬಂದರುನಗರದ ಹಿರಿಯ ಪಾದ್ರಿಗಳು ಕಾಲ್ಡರನನ್ನು ಕರೆಸಿ ವಿಚಾರಿಸಿದಾಗ, ಇನ್ನೆಂದೂ ಯಾರ ಹಿರಿಯರ ಹೆಸರನ್ನೂ ಸುಡಹೇಳಲಾರೆನೆಂದು ಅವನು ನಿಂತು ಉತ್ತರಿಸಿದ. ಅವರು ಅವನನ್ನು ಪದವಿಯಿಂದ ಬಿಡಿಸಿದರು. ಮೊದಲ ಹಿಮ ಉದುರುವ ದಿನ ಅವನು ಬರಿಗೈಯಲ್ಲಿ ನಾಮಿಗೋಕ್ಕೆ ಮರಳಿ, ಊರಂಚಿನಲ್ಲಿ ಬೇರೆ ಬಿಡಾರ ಹೂಡಿ, ನೆರೆಯೂರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಹಿಡಿದ. ಗೆಂಪಾಚಿ ಅವನಿಗೆ ಮೀನು ಮಾರಲು ಇನ್ನೊಂದು ವರ್ಷ ಹಿಡಿಯಿತು.

ಕೊನೆಗೆ ಬಾಯಿ ಬಿಟ್ಟವಳು ಮಾತ್ಸು. ಒಂದು ಬೆಳಗ್ಗೆ ಗೂಡಿನ ಮುಂದೆ ಕುಳಿತು, ಸೊಸೆಗೂ ಅವನಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು: "ಸೇಕಿಚಿ, ಈ ಮನುಷ್ಯ ದಿನಾ ಬಂದು ಬಂದು ಹೊಸ್ತಿಲು ಸವೀತಾ ಇದೆ. ನಿನ್ನ ಹೆಂಡತಿ ದಿನಾ ಇವನನ್ನ ಬೈತಾಳೆ, ಒಂದು ದಿನ ಬರದಿದ್ರೆ ಊಟ ಬಿಡ್ತಾಳೆ. ಇವನನ್ನ ಒಳಗೆ ಇಟ್ಕೊಳ್ಳೋದಾ, ಓಡಿಸೋದಾ? ನೀನೇ ಹೇಳು."

ಊದುಬತ್ತಿಯ ಹೊಗೆ ನೆಟ್ಟಗೆ ಏರಿತು.

"ಅವರೇನೂ ಹೇಳಲಿಲ್ಲವಲ್ಲ, ಅತ್ತೆ," ಎಂದಳು ನುಯಿ, ಕಿವಿಯವರೆಗೂ ಕೆಂಪಾಗಿ.

"ಬದುಕಿದ್ದಾಗ ಮಾತ್ರ ಏನು ಹೇಳ್ತಿದ್ದ? ಬೇಡ ಅಂದಿದ್ರೆ ಎದ್ದು ಹೊರಗೆ ಹೋಗ್ತಿದ್ದ. ಇಲ್ಲೇ ಕೂತಿದ್ದಾನೆ ನೋಡು. ಇವನಿಗೂ ಸೇರಿಸಿ ಅಕ್ಕಿ ತೊಳಿ, ಹೋಗು."

ವಾಚಕರೇ, ಮನುಷ್ಯನ ಮನಸ್ಸು ಎಂಥ ನಿಗೂಢ! ಕೋಪವೆಂದರೆ ನಾವು ಬೆಚ್ಚುತ್ತೇವೆ. ಅದು ಸುಡುತ್ತದೆ, ಕೆಡಿಸುತ್ತದೆ, ಕೆಲವೊಮ್ಮೆ ಮಾಯದ ಕಲೆಯನ್ನೂ ಉಳಿಸುತ್ತದೆ... ನಿಜವೇ. ಆದರೂ ಸೌಜನ್ಯವು ಅತಿಥಿಯನ್ನು ಹೊರಚಾವಡಿಯಲ್ಲಿ ಕೂರಿಸಿ ಸತ್ಕರಿಸಬಲ್ಲದೇ ಹೊರತು, ಒಡಲಿನ ಒಳಮನೆಯನ್ನು ಅವನಿಗೆ ತೋರಿಸಲಾರದು. ನಮ್ಮ ರೋಷದ ಪೂರ್ಣ ಧ್ವನಿಯನ್ನು ಕೇಳಿಯೂ, ತನ್ನ ತಪ್ಪಿನ ಪೂರ್ಣ ಭಾರವನ್ನು ಹೊತ್ತೂ, ಎದ್ದುಹೋಗದೆ ನಮ್ಮೆದುರು ಕುಳಿತಿರುವವರು ಎಷ್ಟು ಜನ? ಅಂಥ ಒಬ್ಬರು ದೊರೆತಾಗ ಕ್ಷಮೆಯು ಮಿಂಚಿನಂತೆ ಬಂದೆರಗುವುದಿಲ್ಲ. ಋತುವಿನಂತೆ, ಯಾರಿಗೂ ತಿಳಿಯದೆ, ಒಂದೊಂದೇ ಎಲೆಯಾಗಿ ಬದಲಾಗುತ್ತದೆ. ಒಂದು ದಿನ ತಲೆಯೆತ್ತಿ ನೋಡಿದಾಗ, ಆಗಲೇ ಅದರ ನೆರಳಿನಲ್ಲಿ ಕುಳಿತಿರುತ್ತೇವೆ!